ಪ್ಲಸ್ ಹತ್ತರಲ್ಲಿ ಮಾಮಿಯ ಮನೆ

ಕಳೆದ ಭಾನುವಾರ ಮಗಳು ಅಟ್ಟದಿಂದ ಕೇರಂ ಬೋರ್ಡು ಇಳಿಸಿದಳು. ಬೇಸಿಗೆ ರಜೆ, ಬೆಳಗ್ಗೆಯಿಂದ ಕರೆಂಟಿಲ್ಲ, ಮೊಬೈಲಿಗೆ ಚಾರ್ಜಿಲ್ಲ; ಇಲ್ಲದಿದ್ದರೆ ಕೇರಂ ಬೋರ್ಡಿಗೆ ಆ ಭಾಗ್ಯ ಎಲ್ಲಿ ಬರಬೇಕು. ಬೋರಿಕ್ ಪೌಡರ್ ಮುಗಿದಿತ್ತು. ನಾನು ಬಚ್ಚಲುಮನೆಯ ಕಪಾಟಿನಿಂದ ಮೈಗೆ ಹಾಕುವ ಪೌಡರ್ ಡಬ್ಬ ತಂದು ಬೋರ್ಡಿನ ಮೇಲೆ ಉದುರಿಸಿ ಅಂಗೈಯಲ್ಲಿ ಸವರಿದೆ. ಘಮ್ಮೆಂದು ಒಂದು ವಾಸನೆ ಎದ್ದಿತು. "ಅಮ್ಮಾ, ನಿನ್ ಚಾನ್ಸು" ಅಂತ ಮಗಳು ಎರಡು ಸಲ ಅಂದಿದ್ದು ನನಗೆ ಕೇಳಿಸಲೇ ಇಲ್ಲ. ಅದು ಪೌಡರ್ ಹಚ್ಚಿದ ಹಳೇ ಇಸ್ಪೀಟೆಲೆಗಳ ವಾಸನೆ. ನಮ್ಮ ಮಹಡಿ ಮಾಮಿಯ ವಾಸನೆ.

ತೊಂಬತ್ತರ ದಶಕದ ನಡುವಿನ ಮಾತು. ನಾವು ಜೋಗುಪಾಳ್ಯದಲ್ಲಿ ಒಂದು ಬಾಡಿಗೆ ಮನೆಯ ಕೆಳಗಿನ ಭಾಗದಲ್ಲಿದ್ದೆವು. ಮೇಲಿನ ಮನೆಯಲ್ಲಿ ಮಾಮಿ ಒಬ್ಬರೇ. ಐವತ್ತು ದಾಟಿದ ವಯಸ್ಸು, ಗುಂಡು ಮುಖ, ದಪ್ಪ ಕನ್ನಡಕ. ಅವರ ಯಜಮಾನರು ಇನ್ಶೂರೆನ್ಸ್ ಆಫೀಸಿನಲ್ಲಿದ್ದರಂತೆ. ಭಾನುವಾರ ಬಂತೆಂದರೆ ಸ್ನೇಹಿತರನ್ನು ಗುಡ್ಡೆ ಹಾಕಿಕೊಂಡು ರಮ್ಮಿ ಆಡುತ್ತಿದ್ದರಂತೆ. ನಾವು ಆ ಮನೆಗೆ ಬರುವಷ್ಟರಲ್ಲಿ ಅವರು ತೀರಿಕೊಂಡು, ಸ್ನೇಹಿತರು ಬರುವುದು ನಿಂತು, ಮಾಮಿಗೆ ಉಳಿದದ್ದು ಹನ್ನೊಂದು ಕಟ್ಟು ಇಸ್ಪೀಟು. ಹಳೇ ಎಲೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ ಅಂತ ಪ್ರತಿ ಶನಿವಾರ ಮಾಮಿ ಅಷ್ಟನ್ನೂ ಚಾಪೆಯ ಮೇಲೆ ಹರವಿ, ಎಳೇ ಮಗುವಿಗೆ ಹಚ್ಚುವ ಹಾಗೆ ಒಂದೊಂದಕ್ಕೂ ಪೌಡರ್ ಹಚ್ಚುತ್ತಿದ್ದರು.

ನನ್ನ ವಿಷಯಕ್ಕೆ ಬರುತ್ತೇನೆ. ಆರನೇ ಕ್ಲಾಸಿನ ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಲೆಕ್ಕದಲ್ಲಿ ನನಗೆ ಬಂದದ್ದು ನೂರಕ್ಕೆ ಹನ್ನೊಂದು. ಅದರಲ್ಲೂ ಎರಡು ಅಂಕ ಹೆಸರು ಚೆನ್ನಾಗಿ ಬರೆದದ್ದಕ್ಕೆ ಕೊಟ್ಟಿರಬೇಕು ಅಂತ ನನ್ನ ತಮ್ಮನ ವಾದ. ಅಪ್ಪ ಸರ್ಕಾರಿ ಕಾರ್ಖಾನೆಯೊಂದರಲ್ಲಿ ಇನ್‌ಸ್ಪೆಕ್ಷನ್ ವಿಭಾಗದಲ್ಲಿದ್ದರು. ದಿನವಿಡೀ ಬೇರೆಯವರು ಮಾಡಿದ ಬಿಡಿಭಾಗಗಳನ್ನು ಅಳೆದು ಇದು ಪಾಸು, ಇದು ರಿಜೆಕ್ಟು ಅಂತ ಬೇರೆ ಮಾಡುವುದು ಅವರ ಕೆಲಸ. ಮನೆಗೆ ಬಂದ ಮೇಲೂ ಆ ಚಾಳಿ ಬಿಡುತ್ತಿರಲಿಲ್ಲ. ದೋಸೆಯ ಅಂಚು ಒಂದು ಕಡೆ ತೆಳ್ಳಗಾದರೆ ತಿರುಗಿಸಿ ಮುರುಗಿಸಿ ನೋಡುತ್ತಿದ್ದರು. ಅಂಥವರ ಕೈಗೆ ಹನ್ನೊಂದರ ಮಾರ್ಕ್ಸ್ ಕಾರ್ಡು ಹೋಯಿತು.

ಅಪ್ಪ ಬೈಯಲಿಲ್ಲ. ವಾರ್ಷಿಕ ಪರೀಕ್ಷೆಯಲ್ಲೂ ಫೇಲಾದರೆ ಅರಸೀಕೆರೆಯ ದೊಡ್ಡಪ್ಪನ ಮನೆಯಲ್ಲಿ ಬಿಡುತ್ತೇನೆ, ಅಲ್ಲೇ ಓದು ಅಂದರು ಅಷ್ಟೇ. ದೊಡ್ಡಪ್ಪ ಹೈಸ್ಕೂಲಿನ ಲೆಕ್ಕದ ಮೇಷ್ಟ್ರು. ಬೇರೆ ಮನೆಗಳಲ್ಲಿ ಮಕ್ಕಳನ್ನು ಗುಮ್ಮ ಬಂದ ಅಂತ ಹೆದರಿಸುತ್ತಾರೆ, ನಮ್ಮ ಮನೆಯಲ್ಲಿ ದೊಡ್ಡಪ್ಪ ಬಂದರು ಅನ್ನುತ್ತಿದ್ದರು. ಅವರ ಹತ್ತಿರ ಕಲಿತವರ ಕಿವಿ ಉಳಿದವರ ಕಿವಿಗಿಂತ ಉದ್ದ ಇರುತ್ತದೆಂದು ನಾನು ನಂಬಿದ್ದೆ. ಅವತ್ತು ಸಾಯಂಕಾಲ ನಾನು ಅತ್ತದ್ದು ಸೂರು ದಾಟಿ ಮಾಮಿಗೆ ಕೇಳಿಸಿದೆ. ಮೆಟ್ಟಿಲಿಳಿದು ಬಂದು, "ಮಗೂನ ದಿನಾ ಸಂಜೆ ಮೇಲಕ್ಕೆ ಕಳ್ಸಿ. ಲೆಕ್ಕ ನಾನ್ ನೋಡ್ಕೋತೀನಿ" ಅಂದರು. ದಪ್ಪ ಕನ್ನಡಕ, ಕಂಕುಳಲ್ಲಿ ಮಡಚಿಟ್ಟ ಇಂಗ್ಲಿಷ್ ಪೇಪರು, ಅಷ್ಟು ನೋಡಿಯೇ ಅಪ್ಪ ಇವರು ಹಳೇ ಟೀಚರ್ ಇರಬೇಕು ಅಂದುಕೊಂಡು ಒಪ್ಪಿಬಿಟ್ಟರು. ಅಪ್ಪ ಅಳೆದು ನೋಡದೆ ಪಾಸು ಮಾಡಿದ್ದು ಜೀವಮಾನದಲ್ಲಿ ಅದೊಂದೇ ಇರಬೇಕು.

ಮೊದಲನೇ ದಿನ ನಾನು ಕಾಂಪಾಸ್ ಬಾಕ್ಸು, ರಫ್ ಪುಸ್ತಕ ಎಲ್ಲ ಹಿಡಿದು ಹೋದೆ. ಮಾಮಿ ಅವನ್ನೆಲ್ಲ ತೆಗೆದು ಫ್ರಿಜ್ಜಿನ ಮೇಲಿಟ್ಟರು. ಕೈಗೆ ಒಂದು ಕಟ್ಟು ಇಸ್ಪೀಟು ಕೊಟ್ಟು ಮೆಟ್ಟಿಲಿಗೆ ಕರೆದುಕೊಂಡು ಬಂದರು. ನಮ್ಮ ಮೆಟ್ಟಿಲು ನಡುವೆ ತಿರುವು ತೆಗೆದುಕೊಳ್ಳುವ ಕಡೆ ಒಂದು ಚೌಕ ಇತ್ತು. ಅದು ಸೊನ್ನೆ. ಅಲ್ಲಿಂದ ಮೇಲಕ್ಕೆ ಒಂಬತ್ತು ಮೆಟ್ಟಿಲು, ಎಲ್ಲ ಪ್ಲಸ್ಸು. ಕೆಳಕ್ಕೆ ಒಂಬತ್ತು, ಎಲ್ಲ ಮೈನಸ್ಸು. ಮೇಲೆ ಒಂಬತ್ತೂ ದಾಟಿದರೆ ಪ್ಲಸ್ ಹತ್ತು, ಅದು ಮಾಮಿಯ ಅಡಿಗೆಮನೆಯ ಹೊಸಿಲು. ಅಲ್ಲಿ ಮುರುಕಿನ ಡಬ್ಬ ಇರುತ್ತಿತ್ತು. ಕೆಳಗೆ ಒಂಬತ್ತು ದಾಟಿದರೆ ಮೈನಸ್ ಹತ್ತು, ಅದು ನಮ್ಮ ಮನೆಯ ಬಾಗಿಲು, ಅಪ್ಪನ ಜಾಗ. ಧನ ಸಂಖ್ಯೆ, ಋಣ ಸಂಖ್ಯೆಯ ವ್ಯತ್ಯಾಸ ನನಗೆ ಅರ್ಧ ಗಂಟೆಯಲ್ಲಿ ಅರ್ಥವಾಯಿತು.

ಆಟದ ನಿಯಮ ಇಷ್ಟೇ. ಕಟ್ಟಿನಿಂದ ಒಂದು ಎಲೆ ಎತ್ತಬೇಕು. ಕಪ್ಪು ಎಲೆ ಬಂದರೆ ಮುಂದಕ್ಕೆ ನಡೆಯಬೇಕು, ಕೆಂಪು ಬಂದರೆ ಹಿಂದಕ್ಕೆ. ಎಲೆಯ ಮೇಲೆ ಎಷ್ಟಿದೆಯೋ ಅಷ್ಟು ಮೆಟ್ಟಿಲು. ಆದರೆ ನಡೆಯುವ ಮುಂಚೆ ಮಾಮಿ ಒಂದು ಒಡೆದ ಹುಣಸೆಬೀಜ ಎಸೆಯುತ್ತಿದ್ದರು. ಬಿಳಿ ಬಿದ್ದರೆ ಕೂಡುವುದು, ಮೇಲಕ್ಕೆ ಮುಖ ಮಾಡಿ ನಿಲ್ಲಬೇಕು. ಕಂದು ಬಿದ್ದರೆ ಕಳೆಯುವುದು, ಗಿರಕ್ಕನೆ ತಿರುಗಿ ಕೆಳಕ್ಕೆ ಮುಖ ಮಾಡಬೇಕು. ಮೂರನೇ ದಿನವೋ ನಾಲ್ಕನೇ ದಿನವೋ... ನಾನು ಮೈನಸ್ ಆರರಲ್ಲಿದ್ದೆ. ಬೀಜ ಕಂದು ಬಿತ್ತು, ಕೆಳಕ್ಕೆ ತಿರುಗಿದೆ. ಎಲೆ ಆಟೀನ್ ನಾಲ್ಕು, ಕೆಂಪು. ಗೋಡೆ ಹಿಡಿದುಕೊಂಡು ಹಿಂದಕ್ಕೆ ನಾಲ್ಕು ಮೆಟ್ಟಿಲು ನಡೆದೆ. ಅಪ್ಪನ ಕಡೆಗೆ ಮುಖ, ಮುರುಕಿನ ಕಡೆಗೆ ಪ್ರಯಾಣ! ಮೈನಸ್ಸಿನಿಂದ ಮೈನಸ್ ಕಳೆದರೆ ಮೇಲಕ್ಕೆ ಹೋಗುತ್ತೇವೆ ಅನ್ನುವುದು ನನಗೆ ಹಿಮ್ಮಡಿಯ ಮೂಲಕ ಗೊತ್ತಾಯಿತು. ಸ್ಕೂಲಿನಲ್ಲಿ ಇದನ್ನು ಬೋರ್ಡಿನ ಮೇಲೆ ಬರೆದು, ಹಾಗೇ ಕಣ್ರೇ, ಬಾಯಿಪಾಠ ಮಾಡ್ರೇ ಅಂದಿದ್ದರು.

ಆ ಮೆಟ್ಟಿಲಲ್ಲಿ ಓಡಾಡುವವರಿಗೆಲ್ಲ ಈ ಲೆಕ್ಕ ಅನ್ವಯಿಸುತ್ತಿತ್ತು. ಗ್ಯಾಸ್ ಸಿಲಿಂಡರ್ ಹೊತ್ತು ಬಂದವನನ್ನು ಮಾಮಿ ನಡುವೆ ನಿಲ್ಲಿಸಿ, ಈಗ ನೀನು ಎಷ್ಟರಲ್ಲಿದ್ದೀಯ ಹೇಳು ಅನ್ನುತ್ತಿದ್ದರು. "ಅಮ್ಮಾ, ಭುಜ ಬಿದ್ದೋಗ್ತದೆ, ಮೈನಸ್ ಮೂರು" ಅಂತ ಅವನು ಹೇಳಿದ ಮೇಲೇ ದಾರಿ ಬಿಡುತ್ತಿದ್ದದ್ದು. ನನ್ನ ತಮ್ಮ ಇನ್ನೂ ಮಗ್ಗಿಗೆ ಒದ್ದಾಡುತ್ತಿದ್ದವನು, ಮುರುಕಿನ ಆಸೆಗೆ ಆಟಕ್ಕೆ ಸೇರಿ, ಕೆಂಪು ಎಲೆ ಬಂದರೆ ಚಡ್ಡಿ ಜೇಬಿನಲ್ಲಿ ಬಚ್ಚಿಟ್ಟು ಸಿಕ್ಕಿಬೀಳುತ್ತಿದ್ದ. ಈಗಿನ ಮಾಲುಗಳ ಲಿಫ್ಟಿನಲ್ಲಿ ಕಾರು ನಿಲ್ಲಿಸುವ ನೆಲಮಾಳಿಗೆಗೆ ಮೈನಸ್ ಒಂದು, ಮೈನಸ್ ಎರಡು ಅಂತ ಗುಂಡಿ ಇರುತ್ತದಲ್ಲ, ಅದನ್ನು ನೋಡಿದಾಗಲೆಲ್ಲ ಇದನ್ನು ನಮ್ಮ ಮಾಮಿ ಯಾವಾಗಲೋ ಕಂಡುಹಿಡಿದಿದ್ದರು ಅಂತ ಪಕ್ಕದವರಿಗೆ ಹೇಳಬೇಕು ಅನ್ನಿಸುತ್ತದೆ.

ಅಮ್ಮನಿಗೆ ಎಲ್ಲ ಗೊತ್ತಿತ್ತು. ಮಧ್ಯಾಹ್ನ ಕೆಲಸ ಮುಗಿಸಿ ತಾನೇ ಮೇಲೆ ಹೋಗಿ ಎರಡು ಕೈ ರಮ್ಮಿ ಆಡಿ ಬರುತ್ತಿದ್ದಳು. ಗೊತ್ತಿರದಿದ್ದವರು ಅಪ್ಪ ಒಬ್ಬರೇ. ಅವರು ಮನೆಗೆ ಬರುವ ಕಾರ್ಖಾನೆಯ ಬಸ್ಸು ಗಡಿಯಾರದ ಥರ. ಅದು ಬರುವ ಹತ್ತು ನಿಮಿಷ ಮುಂಚೆ ಎಲೆಗಳು ಡಬ್ಬ ಸೇರುತ್ತಿದ್ದವು. ಮಾರ್ಚಿನಲ್ಲಿ ಒಂದು ದಿನ ಅವರಿಗೆ ಜ್ವರ ಬಂದು ಆಟೋ ಹಿಡಿದು ಬೇಗ ಬಂದುಬಿಟ್ಟರು. ಮಾಮಿಯ ಮನೆಯಲ್ಲಿ ಮಾತ್ರೆ ಇದೆಯೋ ಕೇಳೋಣ ಅಂತ ನೇರ ಮೆಟ್ಟಿಲು ಹತ್ತಿದ್ದಾರೆ. ನಾನು ಆಗ ಮೇಲಕ್ಕೆ ಮುಖ ಮಾಡಿ, ಕೆಂಪು ಎಂಟು ಕೈಯಲ್ಲಿ ಹಿಡಿದು, ಹಿಂದೆ ಹಿಂದೆ ಕೆಳಕ್ಕೆ ಬರುತ್ತಿದ್ದೆ. ಮೈನಸ್ ಐದರಲ್ಲಿ ಬೆನ್ನಿಗೆ ಏನೋ ತಗುಲಿತು. ಟಿಫನ್ ಕ್ಯಾರಿಯರ್ ಢಣ ಢಣ ಅಂತ ಉರುಳಿ ಮೈನಸ್ ಒಂಬತ್ತಕ್ಕೆ ಹೋಗಿ ನಿಂತಿತು.

ಅಪ್ಪ ನನ್ನ ಕೈಯಲ್ಲಿದ್ದ ಎಲೆ ನೋಡಿದರು. ಅವರ ಸೋದರಮಾವ ಒಬ್ಬರು ಇಸ್ಪೀಟಿನ ಹುಚ್ಚಿನಲ್ಲಿ ಹೊಲ ಕಳೆದುಕೊಂಡವರು. ನಮ್ಮ ಮನೆಯಲ್ಲಿ ಆ ಪದ ಎತ್ತುವಂತಿರಲಿಲ್ಲ. ಅವತ್ತು ಆ ಮೆಟ್ಟಿಲ ಮೇಲೆ ಆದ ಗಲಾಟೆಗೆ ಎದುರುಮನೆಯವರು ಬಾಗಿಲಿಗೆ ಬಂದು ನಿಂತರು. ನನ್ನ ಮಗಳನ್ನು ಜೂಜುಕೋರಳನ್ನಾಗಿ ಮಾಡಿದಿರಿ ಅಂತ ಅಪ್ಪ. ಒಂದು ಪೈಸೆ ಕಟ್ಟದ ಆಟ ಯಾವ ಸೀಮೆ ಜೂಜು ಅಂತ ಮಾಮಿ. ಕೊನೆಗೆ ಮಾಮಿಯೇ ಒಂದು ಮಾತು ಹೇಳಿದರು. "ಪರೀಕ್ಷೆಗೆ ಇನ್ನು ಮೂರು ವಾರ ಇದೆ. ನೋಡಿ. ಇವಳು ಫೇಲಾದ್ರೆ ಹನ್ನೊಂದು ಕಟ್ಟನ್ನೂ ನಿಮ್ಮ ಕಣ್ಮುಂದೇನೇ ಒಲೆಗೆ ಹಾಕ್ತೀನಿ." ಅವು ಅವರ ಯಜಮಾನರ ಕೈ ಸವೆಸಿದ ಎಲೆಗಳು. ಅಪ್ಪನಿಗೂ ಅದು ಗೊತ್ತಿತ್ತು. ಸರಿ, ಸ್ಯಾಂಪಲ್ ನೋಡೋಣ ಅಂದು ಜ್ವರದಲ್ಲೇ ಕೆಳಗಿಳಿದು ಹೋದರು.

ಹೀಗೆ ನನ್ನ ಕಿವಿಯ ಜೊತೆಗೆ ಮಾಮಿಯ ಇಸ್ಪೀಟೂ ಪರೀಕ್ಷೆಗೆ ಕೂತಿತು. ಹಾಲ್‌ನಲ್ಲಿ ಮೊದಲ ಪುಟ ಸಲೀಸಾಗಿ ಹೋಯಿತು. ಎರಡನೇ ಪುಟದಲ್ಲಿ ಮೈನಸ್ ಏಳರಿಂದ ಮೈನಸ್ ಐದನ್ನು ಕಳೆಯಿರಿ ಅಂತ ಇತ್ತು. ನಾನು ಕಣ್ಣು ಮುಚ್ಚಿದೆ. ಮೈನಸ್ ಏಳನೇ ಮೆಟ್ಟಿಲಲ್ಲಿ ನಿಂತೆ. ಕಳೆಯಬೇಕು ಅಂದರೆ ತಿರುಗಬೇಕು... ಮೈ ತಾನಾಗಿ ತಿರುಗಿಬಿಟ್ಟಿತು. ಬೆಂಚಿನ ಮೇಲೆ ಪೂರಾ ಹಿಂದಕ್ಕೆ ತಿರುಗಿ ಕೂತು, ಕೆಂಪು ಐದು ಅಂತ ಕುಂಡೆ ಸರಿಸುತ್ತಾ ಹಿಂದಕ್ಕೆ ಹೊರಟೆ. ಕಣ್ಣು ಬಿಟ್ಟಾಗ ಎದುರಿಗೆ ಹಿಂದಿನ ಬೆಂಚಿನ ಹುಡುಗಿಯ ಉತ್ತರಪತ್ರಿಕೆ, ಅದರಾಚೆ ಕೊಠಡಿಯ ಟೀಚರ್ ಮುಖ. ಕಾಪಿ ಹೊಡೀತಿದ್ದೀಯಾ ಅಂದರು. ಇಲ್ಲ ಮಿಸ್, ಮೆಟ್ಟಿಲು ಹತ್ತುತ್ತಿದ್ದೆ ಅಂದೆ. ಪೇಪರ್ ಕಿತ್ತುಕೊಂಡರು. ನಾಳೆ ಬೆಳಿಗ್ಗೆ ಅಪ್ಪನನ್ನು ಕರೆದುಕೊಂಡು ಬಾ ಅಂತ ಹೆಡ್‌ಮಿಸ್ಸು ಹೇಳಿ ಕಳಿಸಿದರು.

ಮಾರನೇ ದಿನ ಹಲಸೂರಿನ ರಸ್ತೆಯಲ್ಲಿ ನಾವು ಮೂವರು ನಡೆದದ್ದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಮುಂದೆ ರಜಾ ಹಾಕಿದ ಅಪ್ಪ, ನಡುವೆ ನಾನು, ಹಿಂದೆ ಯಾರೂ ಕರೆಯದಿದ್ದರೂ ಹೊರಟ ಮಾಮಿ. ನಾನು ಅರಸೀಕೆರೆಗೆ ಯಾವ ಯಾವ ಬಟ್ಟೆ ಒಯ್ಯಬೇಕು ಅಂತ ಯೋಚಿಸುತ್ತಿದ್ದೆ.

ಹೆಡ್‌ಮಿಸ್ಸು ಎಲ್ಲ ಕೇಳಿದರು. ಕೇಳಿ, ಕನ್ನಡಕದ ಮೇಲಿಂದ ಮಾಮಿಯನ್ನು ನೋಡಿ, "ನೀವು ಯಾವ ಸ್ಕೂಲ್‌ನಲ್ಲಿ ಟೀಚ್ ಮಾಡ್ತಿದ್ರಿ?" ಅಂದರು.

"ಯಾವ್ ಸ್ಕೂಲೂ ಇಲ್ಲ ಮೇಡಂ. ಎಸ್ಸೆಸ್ಸೆಲ್ಸಿ ಲೆಕ್ಕದಲ್ಲಿ ಮೂರ್ಸಲ ಡುಮ್ಕಿ ನಾನು. ನಾಲ್ಕನೇ ಸಲ ಕಟ್ತೀನಿ ಅಂದೆ, ಮದ್ವೆ ಮಾಡಿ ಕಳ್ಸಿಬಿಟ್ರು. ನಮ್ಮ ಯಜಮಾನ್ರು ಆಡೋವಾಗ ಕಾಫಿ ಕೊಡ್ತಾ ಕೊಡ್ತಾ ಪಾಯಿಂಟ್ ಬರೀತಿದ್ದೆ. ಅಲ್ಲೇ ಕಲ್ತಿದ್ದು. ಎಲ್ಲಿ ತಲೆ ಕೆಡತ್ತೆ ಅಂತ ಪಾಸಾದೋರಿಗೆ ಹೇಗ್ ಗೊತ್ತಾಗ್ಬೇಕು ಮೇಡಂ? ನನ್ನನ್ನ ಕೇಳಿ."

ನಾನು ಅಪ್ಪನ ಮುಖ ನೋಡಿದೆ. ಐದು ತಿಂಗಳು ಮಗಳನ್ನು ಯಾರ ಕೈಗೆ ಒಪ್ಪಿಸಿದ್ದೆ ಅನ್ನುವುದು ಅವರಿಗೂ ಆಗಲೇ ಗೊತ್ತಾದದ್ದು. ಅವರು ಅಲ್ಲೇ ಕೈ ತೊಳೆದುಕೊಂಡು, ನನಗೇನೂ ತಿಳಿಯದು ಮೇಡಂ ಅಂದುಬಿಡಬಹುದಿತ್ತು. ಮೇಜಿನ ಮೇಲೆ ಓರೆಯಾಗಿದ್ದ ಅಡಿಕೋಲನ್ನು ನೇರ ಮಾಡಿದರು. ಆಮೇಲೆ, "ಒಂದು ಪೀಸ್ ನೋಡಿ ರಿಜೆಕ್ಟ್ ಮಾಡೋ ಪದ್ಧತಿ ನಮ್ಮಲ್ಲಿಲ್ಲ ಮೇಡಂ. ಹತ್ತು ಲೆಕ್ಕ ಕೊಡಿ. ನಿಮ್ಮ ಮೆಟ್ಟಿಲಲ್ಲೇ ಮಾಡ್ಲಿ" ಅಂದರು. ಅಪ್ಪನ ಮೇಲೆ ನನಗೆ ಅವತ್ತು ಹುಟ್ಟಿದ ಪ್ರೀತಿ ಇವತ್ತಿಗೂ ಕಡಿಮೆಯಾಗಿಲ್ಲ.

ಸ್ಕೂಲಿನ ಕಲ್ಲಿನ ಮೆಟ್ಟಿಲಿಗೂ ನಡುವೆ ಚೌಕ ಇತ್ತು, ನಮ್ಮ ಪುಣ್ಯ. ಅಪ್ಪ ಸೊನ್ನೆಯ ಪಕ್ಕ ಗುರುತಿಗೆ ನಿಂತರು. ಹೆಡ್‌ಮಿಸ್ಸು ಒಂದೊಂದೇ ಲೆಕ್ಕ ಕೂಗಿದರು, ನಾನು ತಿರುಗಿ, ಮುಂದೆ ಹೋಗಿ, ಹಿಂದೆ ಬಂದು, ನಿಂತ ಕಡೆಯಿಂದ ಉತ್ತರ ಕೂಗಿದೆ. ಎಂಟನೆಯದಕ್ಕೆ ಬೆಲ್ ಹೊಡೆದು ಬೆಚ್ಚಿಬಿದ್ದು ಒಂದು ಮೆಟ್ಟಿಲು ಹೆಚ್ಚು ಇಳಿದೆ. ಉಳಿದ ಒಂಬತ್ತೂ ಸರಿ. ಆದರೆ ಹೆಡ್‌ಮಿಸ್ಸಿನ ಗಮನ ಆಗಲೇ ನನ್ನ ಮೇಲಿರಲಿಲ್ಲ. ಮೈನಸ್ಸಿನಿಂದ ಮೈನಸ್ ಕಳೆದಾಗ ನಾನು ಹಿಂದೆ ಹಿಂದಕ್ಕೆ ಮೇಲೆ ಏರಿದ್ದು ಅವರ ತಲೆಯಲ್ಲಿ ಕೂತುಬಿಟ್ಟಿತ್ತು. ಇಪ್ಪತ್ತು ವರ್ಷ ಅದೇ ಪಾಠ ಮಾಡಿದವರು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮೈನಸ್ ನಾಲ್ಕಕ್ಕೆ ಇಳಿದರು. ಪಕ್ಕದ ಕಂಬಿ ಹಿಡಿದು ಕೆಳಕ್ಕೆ ಮುಖ ಮಾಡಿದರು. "ಕೆಂಪು ಮೂರು" ಅಂತ ಮಾಮಿ ಕೂಗಿದರು. ಹೆಡ್‌ಮಿಸ್ಸು ಹಿಮ್ಮಡಿಯಲ್ಲಿ ಮೆಟ್ಟಿಲು ತಡಕುತ್ತಾ ಒಂದು, ಎರಡು, ಮೂರು ಅಂತ ಮೇಲೇರಿ ಮೈನಸ್ ಒಂದರಲ್ಲಿ ನಿಂತು, ತಾನು ಎಲ್ಲಿದ್ದೇನೆ ಅಂತ ಸುತ್ತ ನೋಡಿ, "ಅರೆ!" ಅಂದರು. ಅಷ್ಟು ಹೊತ್ತಿಗೆ ಎರಡೂ ಮಹಡಿಯ ಕಿಟಕಿಗಳ ತುಂಬ ಮಕ್ಕಳ ತಲೆ. ಯಾರೋ ಚಪ್ಪಾಳೆ ಹೊಡೆದರು. ಹೆಡ್‌ಮಿಸ್ಸು ಸಿಕ್ಕಿಸಿದ್ದ ಸೆರಗು ಇಳಿಸಿ, ಗಂಟು ಮುಖ ಹಾಕಿಕೊಂಡು, ಎಲ್ಲ ಕ್ಲಾಸಿಗೆ ಹೋಗ್ರಿ ಅಂತ ಗದರಿದರು.

ಉಳಿದ ಪ್ರಶ್ನೆಗಳನ್ನು ನಾನು ಅವರ ಕೋಣೆಯಲ್ಲೇ ಕೂತು ಬರೆದೆ. ಬೇಕಾದರೆ ತಿರುಗಿಕೋ, ಆದರೆ ಗೋಡೆ ಕಡೆಗೆ ಅಂದರು. ಐವತ್ತಮೂರು ಬಂತು. ಫಲಿತಾಂಶದ ದಿನ ಅಪ್ಪ ಕಮರ್ಷಿಯಲ್ ಸ್ಟ್ರೀಟಿಗೆ ಹೋಗಿ ಒಂದು ಹೊಸ ಕಟ್ಟು ಇಸ್ಪೀಟು ಕೊಂಡು, ಯಾರೂ ನೋಡಬಾರದೆಂದು ಪೇಪರಿನಲ್ಲಿ ಮೂರು ಸುತ್ತು ಸುತ್ತಿ ತಂದರು. ಐವತ್ತೆರಡು ಎಲೆ ಇದೆಯೋ, ಅಂಚು ಸಮ ಇದೆಯೋ ಅಂತ ಪರೀಕ್ಷಿಸಿ ಮಾಮಿಯ ಕೈಗೆ ಕೊಟ್ಟರು. ಮಾಮಿ ಅವರಿಗೆ ಒಂದು ತಟ್ಟೆ ಮುರುಕು ಕೊಟ್ಟರು. ಅಪ್ಪ ಆ ಮುರುಕನ್ನು ತಿರುಗಿಸಿ ನೋಡದೆ ತಿಂದದ್ದು ನನಗೆ ನೆನಪಿದೆ.

ಮುಂದಿನ ನಾಲ್ಕು ವರ್ಷ ನನ್ನ ಲೆಕ್ಕದ ಪುಸ್ತಕವನ್ನು ನನಗಿಂತ ಮೊದಲು ಮಾಮಿ ಓದುತ್ತಿದ್ದರು. ಬೀಜಗಣಿತ ಅವರಿಗೆ ಬಲು ಇಷ್ಟವಾಯಿತು. ಎಕ್ಸ್ ಅಂದರೆ ಜೋಕರ್, ಯಾವ ಎಲೆಯ ಜಾಗದಲ್ಲಿ ಬೇಕಾದರೂ ಕೂರುತ್ತೆ, ಎಲ್ಲಿ ಕೂತಿದೆ ಅಂತ ಹಿಡಿಯೋದೇ ಆಟ ಅನ್ನುತ್ತಿದ್ದರು. ರೇಖಾಗಣಿತದ ಪ್ರಮೇಯಗಳು ಮಾತ್ರ ಬಗ್ಗಲಿಲ್ಲ. ಅವಕ್ಕೆ ತಕ್ಕ ಎಲೆ ಕಟ್ಟಿನಲ್ಲಿಲ್ಲ ಅಂತ ಗೊಣಗುತ್ತಿದ್ದರು. ನನ್ನ ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದಾಗ ಲೆಕ್ಕದಲ್ಲಿ ಎಪ್ಪತ್ತೆಂಟು. ಮೇಲಕ್ಕೆ ಓಡಿದೆ. ಮಾಮಿ ಬಹಳ ಹೊತ್ತು ಆ ಅಂಕದ ಮೇಲೆ ಬೆರಳಿಟ್ಟುಕೊಂಡು ಕೂತಿದ್ದರು. ಆಮೇಲೆ, "ಕಣ್ಣಾ, ಮುಂದಿನ್ ಸಲ ನಾನೂ ಕಟ್ಟೋಣ ಅಂತಿದ್ದೀನಿ. ಪ್ರೈವೇಟಾಗಿ. ಆ ಪ್ರಮೇಯ ಒಂದು ನೀನ್ ಹೇಳ್ಕೊಡು" ಅಂದರು.

ನಾನು ನಕ್ಕೆ. ಮಾಮಿ ಬಾಯಿ ತೆರೆದರೆ ತಮಾಷೆಯೇ ಅಲ್ಲವೇ, ಇದೂ ಹಾಗೇ ಅಂದುಕೊಂಡೆ. ಎರಡು ಜಡೆಯ ಹುಡುಗಿಯರ ನಡುವೆ ಮಾಮಿ ಹಾಲ್ ಟಿಕೆಟ್ ಹಿಡಿದು ಕೂತದ್ದನ್ನು ಊಹಿಸಿಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಎದ್ದು ಹಿಂದಕ್ಕೆ ನಡೆದರೆ ಡಿಬಾರ್ ಮಾಡ್ತಾರೆ ಮಾಮೀ ಅಂದೆ. ಅವರೂ ನಕ್ಕರು. ನನಗಿಂತ ಜೋರಾಗಿ. ಹೌದಲ್ವಾ ಅಂದು, ಒಲೆಯ ಮೇಲೆ ಹಾಲಿಟ್ಟಿದ್ದೆ ಅಂತ ಒಳಗೆ ಹೋದರು. ಆಮೇಲೆ ಆ ಮಾತು ಎತ್ತಲಿಲ್ಲ...

ಮುಂದಿನ ವರ್ಷ ಅಪ್ಪ ಕೆ.ಆರ್. ಪುರದ ಕಡೆ ಮನೆ ಕಟ್ಟಿಸಿದರು. ತಿಂಗಳಿಗೊಮ್ಮೆ ಬರುತ್ತೇನೆ ಅಂದವಳು ಎರಡು ಸಲ ಹೋದೆ. ನಾನು ಡಿಗ್ರಿ ಕೊನೇ ವರ್ಷದಲ್ಲಿದ್ದಾಗ ಮಾಮಿ ಬೆನ್ಸನ್ ಟೌನಿನ ತಂಗಿಯ ಮನೆಯಲ್ಲಿ ತೀರಿಕೊಂಡರು ಅಂತ ಸುದ್ದಿ ಬಂತು. ಗೊತ್ತಾಗುವಷ್ಟರಲ್ಲಿ ಹದಿಮೂರನೇ ದಿನವೂ ಕಳೆದಿತ್ತು. ನನ್ನ ಬಾಲ್ಯದಲ್ಲಿ ನನ್ನನ್ನು ದಡ್ಡಿ ಅಂದುಕೊಳ್ಳದೆ ಇದ್ದವರು ಅವರೊಬ್ಬರೇ. ಅವರಿಗಾಗಿ ಅಳಲೂ ನನಗೆ ತಡವಾಗಿತ್ತು.

ಮೊನ್ನೆ ಕೇರಂ ಆಟ ಮುಗಿದು, ಕರೆಂಟು ಬಂದು ಮೊಬೈಲು ಚಾರ್ಜಾದ ಮೇಲೆ ಅಮ್ಮನಿಗೆ ಫೋನ್ ಮಾಡಿದೆ. ಸ್ಪೀಕರ್ ಹಾಕಿಕೊಂಡಿದ್ದಳು. ನಾನು ಮೆಟ್ಟಿಲ ಕಥೆ ಹೇಳುತ್ತಾ ಹೋದ ಹಾಗೆ ಅಪ್ಪ ಪಕ್ಕದಿಂದ, ಎಂಟನೇದು ತಪ್ಪಿದ್ದು, ಏಳನೇದಲ್ಲ ಅಂತ ತಿದ್ದುತ್ತಿದ್ದರು. ಮೂವರೂ ಬಹಳ ನಕ್ಕೆವು. ನಗುತ್ತಲೇ ನಾನು, ಕೊನೆಗೆ ತಾವೇ ಪರೀಕ್ಷೆಗೆ ಕಟ್ತೀನಿ ಅಂತ ತಮಾಷೆ ಮಾಡಿದ್ದರು ಗೊತ್ತಾ ಅಂದೆ.

"ತಮಾಷೆ ಯಾಕೇ?" ಅಂದಳು ಅಮ್ಮ. "ಫಾರಮ್ಮಿಗೆ ಫೋಟೋ ತೆಗೆಸ್ಕೊಳ್ಳೋಕೆ ನಾನೇ ಅಲ್ವಾ ಅವರ ಜೊತೆ ಸ್ಟುಡಿಯೋಗೆ ಹೋಗಿದ್ದು? ನಿನ್ನ ರಿಸಲ್ಟಿನ ಹಿಂದಿನ ವಾರ. ನಿಮ್ ಮಗಳಿದಾಳಲ್ಲ, ಹೇಳ್ಕೊಡ್ತಾಳೆ ಅಂತ ದಾರಿಯುದ್ದಕ್ಕೂ ಅದೇ ಮಾತು. ಆಮೇಲ್ ಯಾಕೋ ಕಟ್ಲೇ ಇಲ್ಲ. ಧೈರ್ಯ ಬರ್ಲಿಲ್ಲ ಅನ್ಸತ್ತೆ, ಪಾಪ."

ಯಾಕೆ ಕಟ್ಟಲಿಲ್ಲ ಅಂತ ನನಗೆ ಗೊತ್ತಾಗಿತ್ತು. "ಇರಬಹುದಮ್ಮಾ" ಅಂದೆ.